ಎಂಟು ದಿನ ಅಂಗಳದಲ್ಲಿ ಎರಡು ಗಾಡಿ

ದೊಡ್ಡ ಗಾಡಿಯ ವಿಷಯದಲ್ಲಿ ನಾನು ನ್ಯಾಯವಾಗಿ ಬರೆಯುತ್ತೇನೆಂದು ಯಾರೂ ನಂಬಬೇಡಿ. ಅದು ಗುಜರಿಯವನ ಲಾರಿ ಹತ್ತಿ ಹೋಗಿ ಎಷ್ಟೋ ಮಳೆಗಾಲ ಕಳೆದವು. ಅದರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಚಿಕ್ಕ ಕಾರಿನ ವಿಷಯದಲ್ಲೂ ನನ್ನಿಂದ ನ್ಯಾಯ ಆಗಲಿಕ್ಕಿಲ್ಲ. ಅದು ನನ್ನದಾಗಿತ್ತು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಕಾರು ಬಂದದ್ದು ಅಪ್ಪನಿಂದ. ಅಪ್ಪ ಕಾರವಾರದಲ್ಲಿ ಸರಕಾರಿ ಜೀಪಿನ ಡ್ರೈವರ್ ಆಗಿದ್ದರು. ಸರ್ವಿಸಿನುದ್ದಕ್ಕೂ ಸಾಹೇಬರುಗಳನ್ನು ಕೂರಿಸಿಕೊಂಡು ಜಿಲ್ಲೆಯ ಘಟ್ಟಗಳನ್ನು ಹತ್ತಿ ಇಳಿದವರು, ನಿವೃತ್ತಿಯಾದ ಮೇಲೆ ತಮ್ಮದೆಂದು ಒಂದು ಹಳೆಯ ಚಿಕ್ಕ ಕಾರು ಕೊಂಡರು. ಕೆನೆಬಣ್ಣದ, ಹಿಂದೆ ಬಾಲವಿಲ್ಲದ ಮೊಂಡು ಕಾರು. ಎಡಬಾಗಿಲಿನಲ್ಲಿ ಹಿಂದಿನ ಮಾಲೀಕ ಎಲ್ಲೋ ಗುದ್ದಿಸಿ ಮಾಡಿದ ತಗ್ಗೊಂದಿತ್ತು. ಅಪ್ಪ ಅದನ್ನು ಸರಿಮಾಡಿಸುವ ಗೋಜಿಗೆ ಹೋಗಲಿಲ್ಲ. "ಮುಖಕ್ಕೆ ಬಣ್ಣ ಯಾರ ಬೇಕಾದ್ರೂ ಬಳೀತಾರೆ. ಗಾಡಿ ತಕಳುವಾಗ ಹೊಟ್ಟೆ ನೋಡ್ಬೇಕು," ಎನ್ನುತ್ತಿದ್ದರು. ಹೊಟ್ಟೆಯೆಂದರೆ ಗಾಡಿಯ ತಳ. ನಮ್ಮ ಕಡಲ ಬದಿಯಲ್ಲಿ ಗಾಡಿಗೆ ಸಾವು ಬರುವುದು ಕೆಳಗಿನಿಂದ. ಅಪ್ಪ ವಾರಕ್ಕೊಮ್ಮೆ ಕಾರಿನ ಅಡಿ ಗೋಣಿತಾಟು ಹಾಸಿಕೊಂಡು ಮಲಗಿ, ಬಾವಿಯ ಸಿಹಿನೀರಿನಿಂದ ತಳ ತೊಳೆಯುತ್ತಿದ್ದರು.

ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ, ನನಗೆ ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ರಜೆಗೆ ತವರಿಗೆ ಹೋದಾಗ. ಬಿಣಗಾದ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದೆ ಲಾರಿಯವನು ಹಾರ್ನ್ ಒತ್ತುತ್ತಿರುವಾಗಲೇ ಹಾಫ್ ಕ್ಲಚ್ಚಿನಲ್ಲಿ ಎತ್ತಬೇಕು. ಕಾರು ಒಂದಂಗುಲ ಹಿಂದೆ ಸರಿದರೂ ಅಪ್ಪ ನಾಲಿಗೆ ಲೊಚಗುಟ್ಟುತ್ತಿದ್ದರು, ಬೈಯುತ್ತಿರಲಿಲ್ಲ. ಲೈಸೆನ್ಸ್ ಕೈಗೆ ಬಂದ ವರ್ಷವೇ ಅವರು ತೀರಿಕೊಂಡರು. ಅಮ್ಮ ಮೊದಲೇ ಹೋಗಿದ್ದಳು, ನಾನು ಒಬ್ಬಳೇ ಮಗಳು. ಕೀಲಿ ನನಗೆ ಬಂತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಅಂಕೋಲೆಯಲ್ಲಿ ಕಾರು ಓಡಿಸುವ ಹೆಂಗಸರನ್ನು ಎಣಿಸಲು ಒಂದು ಕೈ ಹೆಚ್ಚಾಗುತ್ತಿತ್ತು.

ನಾನಾಗ ಹಿಲ್ಲೂರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆ ಅಂಕೋಲೆ ಪೇಟೆಯ ಹೊರಬದಿಗೆ. ಹಿಲ್ಲೂರಿಗೆ ಬೆಳಿಗ್ಗೆ ಒಂದು ಬಸ್ಸು. ಅದು ತಪ್ಪಿದರೆ ಹುಬ್ಬಳ್ಳಿ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದು, ಒಳಗೆ ಹೋಗುವ ಯಾವುದಾದರೂ ಟೆಂಪೋ ಸಿಕ್ಕೀತೇ ಎಂದು ಅದಿರು ಲಾರಿಗಳ ಕೆಂಧೂಳು ಕುಡಿಯುತ್ತ ನಿಲ್ಲಬೇಕು. ಕಾರು ಬಂದ ಮೇಲೆ ಆ ನಿಲ್ಲುವುದು ತಪ್ಪಿತು. ಸೆರಗು ಸೊಂಟಕ್ಕೆ ಸಿಗಿಸಿ, ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸುತ್ತಿದ್ದೆ. ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂಬುದು ಅಂಗಾಲಿಗೆ ಗೊತ್ತಾಗಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು.

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಬಂದು ಊಟ ಮಾಡಿ ಅತ್ತೆಯನ್ನು ಅಮದಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಅವರ ತಂಗಿಯ ಮನೆ, ಹೆದ್ದಾರಿಗೆ ಮುಖ ಮಾಡಿ, ಬಸ್ ನಿಲ್ದಾಣದ ಎದುರಿಗೇ ಇತ್ತು. ಅತ್ತೆಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಚಿಕ್ಕ ಕಾರಿಗೆ ಹತ್ತುವುದೇನಿದೆ, ಬೆನ್ನು ತಿರುಗಿಸಿ ಕೂತು ಕಾಲೆತ್ತಿ ಒಳಗಿಟ್ಟರಾಯಿತು. ಮನೆಯಲ್ಲಿ ಎರಡು ಮಾತಿಗೆ ಮೂರನೆಯದು ಆಡದ ಹೆಂಗಸು, ಅವರ್ಸಾ ದಾಟುವಷ್ಟರಲ್ಲಿ ಮದುವೆಯಾಗಿ ಬಂದ ವರ್ಷದ ಕತೆ ತೆಗೆದಿರುತ್ತಿದ್ದರು. ಒಮ್ಮೆ ಗೇರಿನ ಮೇಲೆ ಕೈಯಿಟ್ಟು, "ಇದು ಕಷ್ಟನಾ ತಂಗೀ?" ಎಂದು ಕೇಳಿದರು. ನಾನು ಅವರ ಕೈಯ ಮೇಲೆ ನನ್ನ ಕೈಯಿಟ್ಟು ಎರಡರಿಂದ ಮೂರಕ್ಕೆ ಹಾಕಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ಅಮದಳ್ಳಿ ಬರುವ ತನಕ ನಕ್ಕರು. ಈ ಮಾತನ್ನು ಇಲ್ಲಿ ಬರೆಯುವುದು ಬೇಡವೆಂದಿದ್ದೆ. ಆದರೆ ಇದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ದೊಡ್ಡ ಗಾಡಿಯ ಮಾತು ತಂದದ್ದು ಭಾವ, ನನ್ನ ಗಂಡನ ಅಣ್ಣ. ಅವರ ನೌಕರಿ ಮಲ್ಲಾಪುರದಲ್ಲಿ. ವಾರವಿಡೀ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಪಕ್ಕದವರು ಏನು ಕೊಂಡರು ಎನ್ನುವುದು ವಾರದ ಸುದ್ದಿ. ಆ ವರ್ಷ ಪಕ್ಕದವರೆಲ್ಲ ದೊಡ್ಡ ಗಾಡಿ ಕೊಂಡಿದ್ದರು.

"ಮನೆಮಂದಿ ಎಂಟು ಜನ. ಇದ್ರಲ್ಲಿ ನಾಲ್ಕು ಜನ ಕೂತ್ರೆ ಐದನೆಯಂವ ಮಡ್ಲಲ್ಲಿ ಕೂಡ್ರಬೇಕು. ಇದೂ ಒಂದು ಗಾಡಿಯಾ?" ಎಂದರು ಭಾವ.

ನಾನು ಎಂಟು ಜನ ಒಟ್ಟಿಗೆ ಎಲ್ಲಿಗೆ ಹೋಗುವುದಿದೆ ಎಂದು ಕೇಳಿದೆ. ಚಿಕ್ಕದನ್ನು ಕೊಟ್ಟರೆ ಮಾತ್ರ ದೊಡ್ಡದು ಬರುವ ಹಾಗಿತ್ತು. ಎರಡನ್ನೂ ಇಟ್ಟುಕೊಳ್ಳುವ ಶಕ್ತಿ ಅಣ್ಣತಮ್ಮ ಇಬ್ಬರಲ್ಲೂ ಇರಲಿಲ್ಲ.

ಕಾರವಾರದ ಕಡೆಯವರಿಗೆ ಒಂದು ಚಟ. ಕಾಳಿ ಸೇತುವೆ ದಾಟಿ, ಮಾಜಾಳಿಯ ಗೇಟು ದಾಟಿದರೆ ಆಚೆ ಗೋವಾ; ಅಲ್ಲಿ ಸಿಗುವುದೆಲ್ಲ ಅಗ್ಗ ಮತ್ತು ಒಳ್ಳೆಯದು ಎಂಬ ನಂಬಿಕೆ. ಅಲ್ಲಿಯ ನಂಬರಿನ 'ಗೋವಾ ಪಾಸಿಂಗ್ ಗಾಡಿ' ಎಂದರೆ ಹುಡುಗಿಯ ಕಡೆಯವರು ಒಳ್ಳೆಯ ಮನೆತನದವರು ಎಂದ ಹಾಗೆ, ಮುಂದೆ ವಿಚಾರಣೆಯಿಲ್ಲ. ಭಾವ ಅಲ್ಲಿಂದ ಒಂದು ಹಳೆಯ ದೊಡ್ಡ ಗಾಡಿಯನ್ನು ನೋಡಲೆಂದು ತಂದು ಅಂಗಳದಲ್ಲಿ ನಿಲ್ಲಿಸಿದರು. ಜೊತೆಗೆ ಬಂದಿದ್ದ ದಲ್ಲಾಳಿ ಬಾನೆಟ್ಟಿನ ಮೇಲೆ ಬಡಿದು, "ಗಾಡಿ ಏಕದಮ್ ಬರಿ ಆಸಾ," ಎಂದು ಕೊಂಕಣಿಯಲ್ಲಿ ಹೊಗಳಿ, ಎಂಟು ದಿನ ಇಟ್ಟುಕೊಂಡು ನೋಡಿ ಎಂದು ಹೇಳಿ ಹೋದ.

ಹೀಗೆ ಎಂಟು ದಿನ ಎರಡೂ ಗಾಡಿಗಳು ಅಂಗಳದಲ್ಲಿ ಪಕ್ಕಪಕ್ಕ ನಿಂತವು. ಬಂದವರೆಲ್ಲ ಹೋಲಿಸಿದರು. ದೊಡ್ಡದಕ್ಕೆ ಕಪ್ಪುಬಣ್ಣ, ಹತ್ತಲು ಕಬ್ಬಿಣದ ಮೆಟ್ಟಿಲು, ತಲೆಯ ಮೇಲೆ ಸಾಮಾನು ಕಟ್ಟುವ ಕಂಬಿ, ಎರಡು ಎಸಿ. ಅದರ ಬಾಗಿಲು ಹಾಕಿದರೆ ಗೋದಾಮಿನ ಬಾಗಿಲು ಹಾಕಿದಷ್ಟು ಸದ್ದು, ಎಲ್ಲರಿಗೂ ಆ ಸದ್ದೇ ಇಷ್ಟ. ನನ್ನದರ ಬಾಗಿಲನ್ನು ತುಸು ಎತ್ತಿ ಎಳೆಯಬೇಕು, ಬಲಗಡೆಯ ಗಾಜು ಅರ್ಧಕ್ಕೆ ನಿಲ್ಲುತ್ತದೆ. ನನ್ನದು ನಮ್ಮ ಓಣಿಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೆ. ದೊಡ್ಡದನ್ನು ತಿರುಗಿಸಲು ಎದುರುಮನೆಯವರ ಬೇಲಿಯ ಎರಡು ಗೂಟ ಕೀಳಬೇಕಾಯಿತು. ಬೇಲಿಯವರೂ ಖುಷಿಯಿಂದಲೇ ಕಿತ್ತುಕೊಟ್ಟರು.

ಮೂರನೆಯ ದಿನ, ಶಾಲೆಯಿಂದ ಬಂದವಳು ಗೋಣಿತಾಟು ಹಾಸಿ ದೊಡ್ಡ ಗಾಡಿಯ ಕೆಳಗೆ ಮಲಗಿದೆ. ಓರಗಿತ್ತಿ ಆ ವಾರ ಮನೆಯಲ್ಲೇ ಇದ್ದಳು. "ಅಯ್ಯೋ, ಸೀರೆ," ಎಂದಳು. ಕೆಳಗೆಲ್ಲ ಹೊಸತಾಗಿ ಕಪ್ಪು ಬಳಿದಿದ್ದರು. ಉಗುರಿನಿಂದ ಕೆರೆದರೆ ಬಣ್ಣದ ಜೊತೆಗೆ ತುಕ್ಕಿನ ಪದರು ಹಪ್ಪಳದ ಹಾಗೆ ಕಳಚಿ ಬಂತು. ಹಿಂದಿನ ಸೀಟಿನ ಕಾಲಡಿಯ ಮ್ಯಾಟು ಎತ್ತಿದರೆ ಮರಳು, ನುಣುಪು ಬಿಳಿ ಮರಳು. ಪ್ರವಾಸಿಗರನ್ನು ತುಂಬಿಕೊಂಡು ಕಡಲಂಚಿನ ಒದ್ದೆ ಮರಳಿನ ಮೇಲೆ ಓಡಿದ ಗಾಡಿಯದು. ಮೇಲೆ ಥಳಕು, ಒಳಗೆ ಹುಳುಕು. ಮುಷ್ಟಿ ಮರಳು ಮತ್ತು ತುಕ್ಕಿನ ಚೂರು ತಂದು ಜಗಲಿಯ ಮೇಲೆ ಪೇಪರಿನಲ್ಲಿ ಹರಡಿದೆ.

ಶನಿವಾರ ಬಂದ ಭಾವ ಅದನ್ನು ನೋಡಿ, "ನಮ್ಮೂರಲ್ಲೇನು ಮರಳಿಲ್ವಾ? ನಿನ್ನ ಕಾಲಿಗೂ ಅಂಟಿರ್ತದೆ," ಎಂದರು. ಗಂಡ ಪೇಪರನ್ನು ಮಡಿಸಿ ಅಂಗಳಕ್ಕೆ ಕೊಡವಿದರು. ಅವರಿಗೆ ಅಣ್ಣನ ಎದುರು ಮಾತಿಲ್ಲ. ಹಾಗೆಂದು ನನ್ನ ಎದುರೂ ಮಾತಿಲ್ಲ. ಆ ಸ್ವಭಾವಕ್ಕೆ ಊರಿನವರು 'ಪಾಪದ ಮನುಷ್ಯ' ಎನ್ನುತ್ತಾರೆ. ಪಾಪದವರ ಜೊತೆ ಬಾಳುವವರಿಗೆ ಏನೆನ್ನುತ್ತಾರೋ ಗೊತ್ತಿಲ್ಲ.

ಆ ಸಂಜೆಯೇ ಇನ್ನೊಂದು ಸಂಗತಿ ನಡೆಯಿತು. ತರುವುದೇ ನಿಶ್ಚಯವಾದರೆ ನಾನೇ ಇದನ್ನು ಶಾಲೆಗೆ ಓಡಿಸಿಕೊಂಡು ಹೋಗುತ್ತೇನೆ ಎಂದೆ. ಎಲ್ಲರೂ ನಕ್ಕರು. ನಾನು ಗಿಡ್ಡಿ. ಸೀಟಿನಲ್ಲಿ ಕೂತರೆ ಬಾನೆಟ್ಟಿನಾಚೆಯ ನೆಲ ಕಾಣುವುದಿಲ್ಲ, ಕ್ಲಚ್ಚು ಪೂರ್ತಿ ಒತ್ತಲು ಸೊಂಟ ಜಾರಿಸಬೇಕು. ಒಳಗಿನಿಂದ ಎರಡು ದಿಂಬು ತಂದು, ಒಂದು ಅಡಿಗೆ, ಒಂದು ಬೆನ್ನಿಗೆ ಇಟ್ಟುಕೊಂಡು ಹತ್ತಿದೆ. ಗಾಡಿಯನ್ನು ಓಣಿಯಿಂದ ಹೊರಗೆ ತೆಗೆದು, ಹೆದ್ದಾರಿಗೆ ಹತ್ತಿಸಿ, ಎರಡು ಅದಿರು ಲಾರಿಗಳನ್ನು ಹಿಂದೆ ಹಾಕಿ, ಪೆಟ್ರೋಲ್ ಬಂಕಿನ ಹತ್ತಿರ ತಿರುಗಿಸಿ, ಅಂಗಳದಲ್ಲಿ ಮೊದಲಿದ್ದ ಜಾಗದಲ್ಲೇ ತಂದು ನಿಲ್ಲಿಸಿದೆ. ಒಂದು ಗೀರು ಬಿದ್ದಿರಲಿಲ್ಲ. ನನ್ನಿಂದ ಆಗುವುದಿಲ್ಲ ಎಂದು ಹೇಳುವ ಹಾಗಿರಲಿಲ್ಲ.

ಭಾವ ದಿಂಬುಗಳನ್ನು ಎತ್ತಿ ತೋರಿಸಿ, "ದಿಂಬು ಹಾಕ್ಕಂಡು ನಿದ್ದೆ ಮಾಡೂದು. ಗಾಡಿ ಓಡಿಸೂದಲ್ಲ," ಎಂದರು. ಅಂಗಳದಲ್ಲಿದ್ದವರೆಲ್ಲ ಮತ್ತೆ ನಕ್ಕರು. ಗಂಡನೂ ನಕ್ಕರು. ಕೀಲಿ ಭಾವನ ಜೇಬಿಗೆ ಹೋಯಿತು. ಓಡಿಸಲಾಗದೆ ನಗೆಪಾಟಲಾಗಿದ್ದರೆ ಆ ಅವಮಾನ ನನಗೆ ಇಷ್ಟು ಉಳಿಯುತ್ತಿರಲಿಲ್ಲ. ಚೆನ್ನಾಗಿ ಓಡಿಸಿದ ಮೇಲೂ ನಗಬಹುದು ಎನ್ನುವುದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಆದರೂ ನಾನು ಒಪ್ಪಲಿಲ್ಲ. ಕಾರು ನನ್ನ ಅಪ್ಪನದು, ಕಾಗದ ನನ್ನ ಹೆಸರಿಗಿದೆ, ಸಹಿ ಹಾಕುವುದಿಲ್ಲ ಎಂದೆ. ಎರಡು ದಿನ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಭಾವ ರಜೆ ಹಾಕಿ ಕೂತರು. ಆಗ ಅತ್ತೆ, "ದೇವರ ಹತ್ರ ಕೇಳ್ವಾ," ಎಂದರು.

ನಮ್ಮ ಕಡೆ ಇದು ಹೊಸತಲ್ಲ. ಬಾವಿ ತೋಡುವುದಿರಲಿ, ಸಂಬಂಧ ನೋಡುವುದಿರಲಿ, ದೇವರ ಮುಂದೆ ಪ್ರಸಾದ ಕೇಳುತ್ತಾರೆ. ಪೂಜೆಯವರು ಅಡಿಕೆಯ ಹೂಗೊನೆ ಸಿಂಗಾರದ ಎಸಳುಗಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಕೇಳುವವರು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ಆಮೇಲೆ ಅದರ ಬಗ್ಗೆ ಚರ್ಚೆಯಿಲ್ಲ. ಕೇಳುವ ಹಕ್ಕು ಮನೆಯ ಹಿರಿಯರದ್ದು. ನಮ್ಮಲ್ಲಿ ಮಾವ ಇರಲಿಲ್ಲ, ಹಾಗಾಗಿ ಅತ್ತೆ ಕೇಳಬೇಕು. ನಾನು ಇದಕ್ಕೆ ತಕ್ಷಣ ಒಪ್ಪಿದೆ. ಶನಿವಾರಗಳನ್ನು ನೆನೆದು ಒಪ್ಪಿದೆ. ಅತ್ತೆಯ ಬಾಯಿಂದ ಹೋಗುವ ಮಾತು ನನ್ನ ಪರವಾಗಿಯೇ ಹೋಗುತ್ತದೆಂದು ನಂಬಿದ್ದೆ.

ಗದ್ದೆಯ ಬದಿಯ ಗುಡಿಗೆ ಅತ್ತೆ, ಭಾವ, ಗಂಡ ಮೂವರನ್ನೂ ನಾನೇ ಚಿಕ್ಕ ಕಾರಿನಲ್ಲಿ ಕರೆದುಕೊಂಡು ಹೋದೆ. ಅದನ್ನು ಮಾರಬೇಕೋ ಬೇಡವೋ ಎಂದು ಕೇಳಲು ಅದರಲ್ಲೇ ಕೂತು ಹೋದೆವು. ಭಾವ ಹಿಂದೆ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಪ್ರತಿ ಹೊಂಡಕ್ಕೂ ನರಳಿದರು. ಪೂಜೆಯವರು ಎಸಳು ಅಂಟಿಸಿ, "ಮನಸ್ಸಲ್ಲೇ ಕೇಳ್ಕಳಿ ಅಮ್ಮಾ," ಎಂದರು. ಅತ್ತೆ ಕಣ್ಣುಮುಚ್ಚಿದರು. ಅವರ ತುಟಿ ಅಲುಗಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಕೆಲವೊಮ್ಮೆ ಅರ್ಧ ಗಂಟೆ ಕಾಯಬೇಕಾಗುತ್ತದೆ. ಆ ದಿನ ಪೂಜೆಯವರು ಕೈ ಒರೆಸಿಕೊಳ್ಳುವಷ್ಟರಲ್ಲಿ ಬಲಗಡೆಯ ಎಸಳು ಬಿತ್ತು. ಭಾವ ಎರಡೂ ಕೈ ಎತ್ತಿ ಮುಗಿದರು. ಗಂಡ ನನ್ನ ಮುಖ ನೋಡಲಿಲ್ಲ, ಆದರೆ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ದೇವರು ಹೇಳಿದ ಮೇಲೆ ನಾನು ಯಾರ ಜೊತೆ ಜಗಳವಾಡಲಿ? ಸಹಿ ಹಾಕಿದೆ. ಪೆನ್ನು ಕೆಳಗಿಟ್ಟು, "ನಾನು ಶಾಲೆಗೆ ಹೋಗೂದು?" ಎಂದು ಕೇಳಿದೆ.

"ಹಿಲ್ಲೂರಿಗೆ ಬಸ್ಸು ಅದ್ಯಲ್ಲ," ಎಂದರು ಭಾವ.

ಎರಡು ದಿನ ಬಿಟ್ಟು ಶಾಲೆಯಿಂದ ಬಸ್ಸಿನಲ್ಲಿ ಬಂದಾಗ ಅಂಗಳದಲ್ಲಿ ಒಂದೇ ಗಾಡಿ ಇತ್ತು. ನನ್ನ ಕಾರಿನೊಳಗಿದ್ದ ವಸ್ತುಗಳನ್ನು ಯಾರೋ ಜಗಲಿಯ ಮೇಲೆ ಸಾಲಾಗಿ ಜೋಡಿಸಿದ್ದರು. ಒಂದು ಕೊಡೆ, ಸೀಮೆಸುಣ್ಣದ ಡಬ್ಬಿ, ಅಪ್ಪ ಗಾಜು ಒರೆಸುತ್ತಿದ್ದ ಹಳದಿ ಬಟ್ಟೆ, ಗೋಣಿತಾಟು. ಕಾರು ದಲ್ಲಾಳಿಯ ಮೂಲಕ ಕಾರವಾರದ ಯಾರಿಗೋ ಹೋಯಿತೆಂದಷ್ಟೇ ಹೇಳಿದರು. ನಾನು ಕೇಳಲೂ ಇಲ್ಲ.

ದೊಡ್ಡ ಗಾಡಿ ಮನೆಯದು ಎಂದು ಬಂದದ್ದು, ಸೋಮವಾರ ಬೆಳಿಗ್ಗೆ ಭಾವನ ಜೊತೆ ಮಲ್ಲಾಪುರಕ್ಕೆ ಹೋಗುತ್ತಿತ್ತು, ಶನಿವಾರ ಸಂಜೆ ಬರುತ್ತಿತ್ತು. ಎಂಟು ಜನ ಒಟ್ಟಿಗೆ ಅದರಲ್ಲಿ ಹೋದದ್ದು ನನ್ನ ನೆನಪಿನಲ್ಲಿ ಎರಡು ಮದುವೆಗೆ. ಅತ್ತೆಗೆ ಆ ಕಬ್ಬಿಣದ ಮೆಟ್ಟಿಲು ಹತ್ತಲಾಗದು. ಅಡಿಗೆಮನೆಯ ಮಣೆಯನ್ನು ನೆಲಕ್ಕಿಟ್ಟು, ಅದರ ಮೇಲೆ ನಿಲ್ಲಿಸಿ, ಇಬ್ಬರು ಹಿಂದಿನಿಂದ ನೂಕಬೇಕು. ಮದುವೆಮನೆಯ ಬಾಗಿಲಲ್ಲಿ ಎಲ್ಲರೆದುರು ಹಾಗೆ ಇಳಿಸಿಕೊಂಡ ಮೇಲೆ ಅವರು ಎಲ್ಲಿಗೂ ಬರುವುದಿಲ್ಲವೆಂದರು. ಶನಿವಾರದ ಅಮದಳ್ಳಿ ನಿಂತುಹೋಯಿತು. ನಾನು ಬೆಳಿಗ್ಗೆ ಏಳಕ್ಕೆ ಬಸ್ ನಿಲ್ದಾಣಕ್ಕೆ ಓಡತೊಡಗಿದೆ. ಕ್ರಾಸಿನಲ್ಲಿ ನಿಂತು ಸೀರೆಯೆಲ್ಲ ಕೆಂಪಾಗಿಸಿಕೊಂಡು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹೆಡ್ಮಾಸ್ತರು ಗಡಿಯಾರ ನೋಡುತ್ತಿದ್ದರು. ಮನೆಗೆ ಬಂದರೆ ಅತ್ತೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದರು. ನಮ್ಮಿಬ್ಬರಿಗೆ ಮಾತಾಡಲು ಜಾಗವಿದ್ದದ್ದು ಆ ಕಾರಿನೊಳಗೆ ಮಾತ್ರ ಎಂದು ತಿಳಿದದ್ದು ಆಗ.

ಅಪ್ಪನ ಮಾತು ಸುಳ್ಳಾಗಲಿಲ್ಲ. ಎರಡನೆಯ ಮಳೆಗಾಲದಲ್ಲಿ ದೊಡ್ಡ ಗಾಡಿಯ ಹೊಟ್ಟೆ ಕೈಕೊಟ್ಟಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಓರಗಿತ್ತಿಯ ಚಪ್ಪಲಿ ಒದ್ದೆಯಾಯಿತು, ನೋಡಿದರೆ ಮ್ಯಾಟಿನಡಿ ಅಂಗೈ ಅಗಲದ ತೂತು, ರಸ್ತೆ ಕಾಣುತ್ತಿತ್ತು. ಗ್ಯಾರೇಜಿನವನು ಸ್ಕ್ರೂಡ್ರೈವರಿನಿಂದ ತಳಕ್ಕೆ ಕುಟ್ಟುತ್ತ ಹೋದ, ಕುಟ್ಟಿದಲ್ಲೆಲ್ಲ ಅದು ಒಳಗೆ ಹೋಯಿತು. ರಿಪೇರಿ ಯಾರು ಮಾಡಿಸಬೇಕು ಎಂದು ಮಾತು ಬಂತು. ಓಡಿಸಿದವರು ಮಾಡಿಸಲಿ ಎಂದರು ನನ್ನ ಗಂಡ. ಜನ್ಮದಲ್ಲಿ ಅಣ್ಣನಿಗೆ ಅವರು ಎದುರು ಹೇಳಿದ ಮಾತು ಅದೊಂದೇ, ಅದೂ ನನ್ನ ಕಾರಿಗಾಗಿ ಅಲ್ಲ. ಭಾವ, "ಪ್ರಸಾದ ಆದ್ಮೇಲೆ ತಂದದ್ದು, ನಾ ಒಬ್ಬನೇ ತಂದದ್ದಾ?" ಎಂದರು. ಮಾತಿಗೆ ಮಾತು ಬೆಳೆಯಿತು. ಆ ದೀಪಾವಳಿಗೆ ಭಾವನ ಸಂಸಾರ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಆಮೇಲೆ ಅವರ ಪಾಲಿನ ಪಾತ್ರೆಗಳನ್ನು ಒಂದು ಟೆಂಪೋ ಬಂದು ಒಯ್ದಿತು. ಗಾಡಿಯನ್ನು ಮಾತ್ರ ಒಯ್ಯಲಿಲ್ಲ. ಗೋವಾದಿಂದ ಎನ್‌ಒಸಿ ತರಿಸಿ ಕಾರವಾರದ ನಂಬರಿಗೆ ಮಾಡಿಸುವ ಕೆಲಸವನ್ನು ನಾಳೆ ನಾಳೆ ಎಂದು ಯಾರೂ ಮಾಡಿರಲಿಲ್ಲ. ಕಾಗದವಿಲ್ಲದ, ತಳವಿಲ್ಲದ ಗಾಡಿ ಮಾರಾಟಕ್ಕೂ ಬಾರದೆ ಕಲ್ಲುಗಳ ಮೇಲೆ ಅಂಗಳದಲ್ಲೇ ಉಳಿಯಿತು. ಅತ್ತೆ ಅದರ ಬಾನೆಟ್ಟಿನ ಮೇಲೆ ಬೇಸಿಗೆಯಲ್ಲಿ ಹುಳಿಗೆಂದು ಮುರುಗಲ ಹಣ್ಣಿನ ಸಿಪ್ಪೆ ಒಣಗಿಸತೊಡಗಿದರು. ಕಪ್ಪು ತಗಡು, ಬೇಗ ಒಣಗುತ್ತಿತ್ತು. ಅದರಿಂದ ಆ ಮನೆಗೆ ಆದ ಉಪಕಾರ ಅದೊಂದೇ ಎಂದರೆ ಹೆಚ್ಚಾಗಲಿಕ್ಕಿಲ್ಲ.

ಅಂಥದೇ ಒಂದು ಬೇಸಿಗೆ ರಜೆಯಲ್ಲಿ ಶಿಕ್ಷಕರ ತರಬೇತಿಗೆಂದು ಕಾರವಾರಕ್ಕೆ ಹೋಗಿದ್ದೆ. ಮಧ್ಯಾಹ್ನ ಮುಗಿಸಿ ಕಡಲ ಬದಿಯ ರಸ್ತೆಯಲ್ಲಿ ನಡೆದು ಬರುವಾಗ ಒಂದು ಕಾರು ಕುಪ್ಪಳಿಸುತ್ತ ಬಂದು ನನ್ನೆದುರೇ ಆಫ್ ಆಯಿತು. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು, ಮುಂದೆ ಕೆಂಪು ಎಲ್. ಬಣ್ಣ ಹಳದಿಯಾಗಿತ್ತು. ಎಡಬಾಗಿಲಿನ ತಗ್ಗು ಹಾಗೆಯೇ ಇತ್ತು.

ಓಡಿಸುತ್ತಿದ್ದ ಹುಡುಗಿ ಇಳಿದು ಹೋದಳು. ನಾನು ಕಲಿಸುವವನ ಹತ್ತಿರ ಹೋಗಿ, ಕಲಿಯಬೇಕಿತ್ತು ಎಂದೆ. ನಡುವಯಸ್ಸಿನ, ಸಮಾಧಾನದ ಮನುಷ್ಯ. "ಮೊದ್ಲು ಓಡಿಸಿ ಗೊತ್ತದ್ಯಾ ಅಕ್ಕೋರೆ?" ಎಂದು ಕೇಳಿದ. ನನ್ನ ಕೈಚೀಲ ನೋಡಿಯೇ ಟೀಚರೆಂದು ತಿಳಿದಿರಬೇಕು. ಇಲ್ಲ ಎಂದೆ. ಲೈಸೆನ್ಸು ಪರ್ಸಿನಲ್ಲೇ ಇತ್ತು. ಕಾಗದ, ಫೋಟೊ ನಾಳೆ ತನ್ನಿ, ಇವತ್ತು ಮೈದಾನದಲ್ಲಿ ಒಂದು ಸುತ್ತು ಕೂತು ನೋಡಿ ಎಂದು ಕೂರಿಸಿದ.

ಚಪ್ಪಲಿ ಬಿಟ್ಟೆ. ಬಾಗಿಲನ್ನು ತುಸು ಎತ್ತಿ ಎಳೆದೆ. ಕ್ಲಚ್ಚು ಹಿಡಿಯುವ ಜಾಗ ಬದಲಾಗಿತ್ತು, ಎಷ್ಟೋ ಜನರ ಕಾಲು ಅದನ್ನು ಸವೆಸಿತ್ತು. ಆದರೂ ಒಮ್ಮೆಯೂ ಆಫ್ ಮಾಡದೆ ಎರಡು ಸುತ್ತು ಹೊಡೆದೆ. ಅವನ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಕೂರಿಸಿದ್ದರು. ನಾನು ತಪ್ಪು ಮಾಡದಿದ್ದರೂ ತಿರುವು ಬಂದಾಗೆಲ್ಲ ಅವನು ಅಭ್ಯಾಸಬಲದಿಂದ ಬ್ರೇಕು ಒತ್ತುತ್ತಿದ್ದ, ನನ್ನ ಕಾಲಡಿಯ ಬ್ರೇಕು ತಾನಾಗಿ ಕೆಳಗೆ ಹೋಗುತ್ತಿತ್ತು. ಅಪ್ಪನ ಕಾರಿನಲ್ಲಿ ಕೂತು, ಇನ್ನೊಬ್ಬನ ಕಾಲಿನ ಮರ್ಜಿಯಲ್ಲಿ ಓಡಿಸುತ್ತಿದ್ದೆ. "ನಿಮ್ಗೆ ಬೇಗ ಬತ್ತದೆ ಬಿಡಿ ಅಕ್ಕೋರೆ," ಎಂದ ಅವನು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ.

ಮನೆಗೆ ಬಂದರೆ ಅತ್ತೆ ಅಂಗಳದಲ್ಲಿ ನಿಂತು, ಬಾನೆಟ್ಟಿನ ಮೇಲಿನ ಮುರುಗಲ ಸಿಪ್ಪೆಗಳನ್ನು ಒಂದೊಂದಾಗಿ ಮಗುಚುತ್ತಿದ್ದರು. ತಡೆಯಲಾಗದೆ ಹೇಳಿಬಿಟ್ಟೆ. ಕಾರು ಸಿಕ್ಕಿತೆಂದೂ, ಓಡಿಸಿದೆನೆಂದೂ, ಶನಿವಾರ ಶನಿವಾರ ಹೋಗಿ ಕಲಿಯುವವಳ ಹಾಗೆ ಕೂತು ಓಡಿಸುತ್ತೇನೆಂದೂ ಹೇಳಿದೆ. ಆಮೇಲೆ, "ದೇವರು ಬಲಕ್ಕೆ ಕೊಡಬಾರದಾಗಿತ್ತು," ಎಂದೆ.

ಅತ್ತೆ ಸಿಪ್ಪೆ ಮಗುಚುವುದನ್ನು ನಿಲ್ಲಿಸಿದರು. "ನಾ ಗಾಡಿ ವಿಚಾರ ಕೇಳೇ ಇಲ್ಲಾಗಿತ್ತು ತಂಗೀ," ಎಂದರು.

"ಮತ್ತೆಂತ ಕೇಳಿದ್ರಿ?"

"ಗಾಡಿ ಬರದಿದ್ರೆ ನಾ ಬೇರೆ ಹೋಗ್ತೆ ಅಂತ ದೊಡ್ಡಂವ ನನ್ನ ಹತ್ರ ಹೇಳಿದ್ದ. ಇಬ್ರೂ ಮಕ್ಕಳು ಒಂದೇ ಒಲೆಯಲ್ಲಿ ಉಣ್ತ್ರಾ ಅಂತ ಕೇಳ್ದೆ. ಬಲಕ್ಕಾಯ್ತು."

ಅಣ್ಣತಮ್ಮ ಬೇರೆಯಾಗಿ ಆಗಲೇ ಎರಡು ವರ್ಷ. "ನನ್ನ ಕಾರು ಹೋಗ್ತದೆ ಅಂತ ಗೊತ್ತಿತ್ತಲ್ಲ ನಿಮ್ಗೆ?" ಎಂದು ಕೇಳಿದೆ.

"ಗೊತ್ತಿತ್ತು. ನೀ ಬಿಡ್ತೆ ಅಂತಲೂ ಗೊತ್ತಿತ್ತು. ಅಂವ ಬಿಡೂದಿಲ್ಲಾಗಿತ್ತು." ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಬಿಡೋರ ಹತ್ರನೇ ಅಲ್ವಾ ಕೇಳೂದು," ಎಂದರು.

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ಭಾವ ಗುದ್ದಿದರೆ, ಗಂಡ ಗುದ್ದಿದರೆ ಅದನ್ನು ನಾನು ನಿರೀಕ್ಷಿಸಿದ್ದೆ. ಗೇರಿನ ಮೇಲೆ ನನ್ನ ಕೈಯಡಿ ಇದ್ದ ಕೈ ಇದು. ನನ್ನನ್ನು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಒಬ್ಬರೇ, ಬಲ್ಲದ್ದನ್ನು ಬಳಸಿಕೊಂಡದ್ದೂ ಅವರೇ. ಆ ಹೊತ್ತು ನನಗಾದದ್ದು ದುಃಖವಲ್ಲ, ದ್ವೇಷ. ಹಾಗೆಂದೇ ಬರೆಯುತ್ತೇನೆ.

ಅತ್ತೆ ಮತ್ತೆ ಸಿಪ್ಪೆ ಮಗುಚತೊಡಗಿದರು. ಒಂದು ಸಾಲು ಮುಗಿದ ಮೇಲೆ ಮೆಲ್ಲಗೆ, "ಆ ಕಲಿಸೂ ಅಂವನಿಗೆ ಕೇಳಿ ನೋಡು ತಂಗೀ. ಕಲಿಯೂ ದಿನ ಒಂದ್ಸಲ ಇಲ್ಲಿತನಕ ತಂದ್ರೆ, ನಾ ಹಿಂದೆ ಕೂತ್ಕಂತೆ. ಅಮದಳ್ಳಿಯಲ್ಲಿ ಇಳ್ಸಿದ್ರೆ ಸಾಕು. ನನ್ನ ತಂಗಿ ಮುಖ ನೋಡಿ ಎಷ್ಟು ದಿನ ಆಯ್ತು," ಎಂದರು.

"ಅಮದಳ್ಳಿಗೆ ಬಸ್ಸು ಅದ್ಯಲ್ಲ," ಎಂದೆ.

ಅವರು ತಲೆಯೆತ್ತಲಿಲ್ಲ. ಬಸ್ಸಿನ ಮೆಟ್ಟಿಲು ಅವರಿಂದಾಗದು ಎಂದು ಲೋಕಕ್ಕೆಲ್ಲ ಗೊತ್ತಿತ್ತು, ನನಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಆ ಮಾತು ಭಾವನ ಬಾಯಿಂದ ಬಂದಾಗ ಅದು ಎಷ್ಟು ಸುಟ್ಟಿತ್ತೆಂಬುದೂ ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಮತ್ತೆ ಕೇಳಲಿಲ್ಲ, ನಾನೂ ಕರೆಯಲಿಲ್ಲ. ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಬರೆಯಲು ಕೈ ಬರುತ್ತಿಲ್ಲ.

ಆ ವರ್ಷದ ಉಳಿದ ಶನಿವಾರಗಳಲ್ಲಿ ಕಾರವಾರಕ್ಕೆ ಹೋಗಿ ಅರ್ಧರ್ಧ ಗಂಟೆ ನನ್ನ ಕಾರು ಓಡಿಸಿ ಬಂದೆ. ಹೋಗುವಾಗಲೂ ಬರುವಾಗಲೂ ಬಸ್ಸು ಅಮದಳ್ಳಿಯಲ್ಲಿ ನಿಲ್ಲುತ್ತಿತ್ತು. ಅತ್ತೆಯ ತಂಗಿ ಜಗಲಿಯ ಮೇಲೆ ಕೂತಿರುತ್ತಿದ್ದರು. ಬಸ್ಸು ನಿಂತ ಕೂಡಲೇ ಯಾರು ಇಳಿದರೆಂದು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಬಸ್ಸು ಹೊರಡುವ ತನಕ ನಾನು ಕಿಟಕಿಯಿಂದ ಮುಖ ಒಳಗೆ ಎಳೆದುಕೊಂಡು ಕೂತಿರುತ್ತಿದ್ದೆ.